ಪೂರ್ಣವಿರಾಮ ಬರೆಯದ ಪತ್ರಗಳು

ಲಿಫ್ಟ್ ದುರಸ್ತಿ ಕಂಪನಿಯ ಕಡತಗಳ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಕೂತಿದ್ದ ಆಕೆಗೆ ಜೊತೆಯವರು ಇಟ್ಟ ಹೆಸರು ಪೂರ್ಣವಿರಾಮ. ಕೇಳಿದ್ದಕ್ಕೆ ಒಂದು ಮಾತು, ಆಮೇಲೆ ಬಾಯಿಗೆ ಬೀಗ. ಅಂಥವಳು ಒಂದು ಸೋಮವಾರ ಕಚೇರಿಗೆ ಬಂದರೆ, ಎಂದೂ ತಲೆ ಬಾಚದ ಮೆಕ್ಯಾನಿಕ್ ನೀಟಾಗಿ ಬಾಚಿಕೊಂಡು ಬಾಗಿಲಲ್ಲೇ ನಿಂತಿದ್ದ.

"ನಿಮ್ಮ ಪತ್ರ ಬಂತು ಮೇಡಂ," ಎಂದ, ನೆಲ ನೋಡುತ್ತ. "ನಮ್ಮ ಮನೆಯವಳೂ ಓದಿದಳು."

"ಯಾವ ಪತ್ರ?"

ಅವನು ಫೋನು ತೋರಿಸಿದ. ಅವಳದೇ ವಿಳಾಸದಿಂದ ಬಂದ ಇಮೇಲು: 'ನಿಮ್ಮನ್ನು ನೋಡದೆ ಇರಲಾರೆ. ಜೊತೆಗಿರುವ ಫೋಟೋ ತೆರೆಯಿರಿ.'

ಮಧ್ಯಾಹ್ನದೊಳಗೆ ಇರುವೆ ಸಾಲಿನಂತೆ ಉತ್ತರಗಳು ಬಂದವು. ಹಲ್ಲಿನ ಡಾಕ್ಟರು ಗುರುವಾರ ಸಂಜೆ ಬಿಡುವಿದೆ ಎಂದಿದ್ದರು. ಡ್ರೈವಿಂಗ್ ಸ್ಕೂಲಿನ ಮಾಲೀಕರು, ಫೋಟೋ ತೆರೆಯುತ್ತಿಲ್ಲ, ಇನ್ನೊಂದು ಕಳಿಸಿ ಎಂದು ಕೇಳಿದ್ದರು. ಮ್ಯಾನೇಜರು ಅವಳನ್ನು ಎದುರಿಗೆ ಕೂರಿಸಿಕೊಂಡು, ಯಾವ ನಿಯಮ ಮುರಿದಿದೆ ಎಂದು ನಿಯಮದ ಪುಸ್ತಕ ತಡಕಾಡಿ ಸುಸ್ತಾದರು.

ಅವಳು ಎಲ್ಲರಿಗೂ 'ಆ ಪತ್ರ ನನ್ನದಲ್ಲ' ಎಂದು ಬರೆದಳು. ಅಷ್ಟರಲ್ಲಿ ಅವಳಿಂದ ಬಂದದ್ದನ್ನು ಮುಟ್ಟಬೇಡಿ ಎಂಬ ಸುದ್ದಿ ಹಬ್ಬಿತ್ತು. ತೆರೆದವನು ಮೆಕ್ಯಾನಿಕ್ ಒಬ್ಬನೇ. 'ಹೀಗೆ ಬರೆಯಿರಿ ಅಂತ ಯಾರಾದರೂ ಹೆದರಿಸಿದರಾ?' ಎಂದು ಮರುಪತ್ರ ಹಾಕಿದ.

ಕಂಪ್ಯೂಟರ್ ರಿಪೇರಿಯವನು ಬಂದು ನೋಡಿ, "ನಿಮ್ಮದಕ್ಕೆ ಏನೂ ಆಗಿಲ್ಲ ಮೇಡಂ," ಎಂದ. "ಇದು ಹುಳದ ಕೆಲಸ, ಒಂಥರಾ ವೈರಸ್ಸು. ಬೇರೆ ಯಾರದೋ ಕಂಪ್ಯೂಟರಿಗೆ ಹೊಕ್ಕಿದೆ. ಅಲ್ಲಿರೋ ವಿಳಾಸಗಳಲ್ಲಿ ಒಂದನ್ನ ಕಳಿಸಿದವರ ಜಾಗಕ್ಕೆ ಅಂಟಿಸಿ ಮಿಕ್ಕವರಿಗೆಲ್ಲ ಹಂಚ್ತಿದೆ. ಇಷ್ಟೂ ಜನರ ವಿಳಾಸದ ಜೊತೆ ನಿಮ್ಮದೂ ಯಾರ ಹತ್ರ ಇದೆ, ಯೋಚನೆ ಮಾಡಿ."

ಯೋಚಿಸಿದಳು. ಗುರುತಿನ ಚೀಟಿಯ ಫೋಟೋಗೆ ಎಲ್ಲರೂ ಹೋಗುತ್ತಿದ್ದುದು ಮೂಲೆಯ ಸ್ಟುಡಿಯೋಗೆ; ಫೋಟೋ ಇಮೇಲಿನಲ್ಲೇ ಬರುತ್ತಿತ್ತು. ಅದು ಅವಳ ತಂಗಿಯದು. ನಾಲ್ಕು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಹಳೇ ಫೋಟೋ ಸರಿಪಡಿಸುವ ಜಾಹೀರಾತಿಗೆ ತಂಗಿ ಗಾಜಿನ ಹಿಂದೆ ಎರಡು ಚಿತ್ರ ತೂಗುಹಾಕಿದ್ದಳು. 'ಮೊದಲು' ಎಂಬುದರ ಕೆಳಗೆ ಅಕ್ಕ, 'ಆಮೇಲೆ' ಎಂಬುದರ ಕೆಳಗೆ ಯಾರೋ ಸುಂದರಿ.

ಗಟ್ಟಿ ಮನಸ್ಸು ಮಾಡಿ ಹೋದಳು.

"ಬಂದ್ಯಾ ಅಕ್ಕ? ನಿನ್ನ ಪತ್ರ ನನಗೂ ಮೂರು ಸಲ ಬಂತು," ಎಂದಳು ತಂಗಿ. ಕಣ್ಣು ತುಂಬಿತ್ತು.

"ಅದು ನಾನು ಬರೆದಿದ್ದಲ್ಲ."

"ನೋಡದೆ ಇರಲಾರೆ ಅಂತ ಬರೆದು ಈಗ ಅಲ್ಲ ಅಂತೀಯಾ?"

"ಕಳಿಸಿದ್ದು ನಿನ್ನ ಕಂಪ್ಯೂಟರೇ ಕಣೇ. ಹುಳ ಹೊಕ್ಕಿದೆ."

"ಅಂದ್ರೆ ನನಗೆ ನಾನೇ ಬರೆದುಕೊಂಡ್ನಾ?"

"ಹೂಂ."

ತಂಗಿ ಸ್ಟೂಲಿನ ಮೇಲೆ ಕುಸಿದಳು. "ಹಾಗಾದ್ರೆ ನಿನಗೆ ನನ್ನ ನೋಡಬೇಕು ಅನ್ನಿಸಲೇ ಇಲ್ವಾ?"

ಅಕ್ಕ ಇನ್ನೊಂದು ಸ್ಟೂಲು ಎಳೆದುಕೊಂಡು ಕೂತಳು. "ಅನ್ನಿಸ್ತಿತ್ತು. ಬರೆಯೋ ಅಷ್ಟು ಅಲ್ಲ."

ತಂಗಿಗೆ ಅಳುವಿನ ನಡುವೆಯೇ ನಗು ಉಕ್ಕಿತು.

ಹುಳ ಬಿಡಿಸಿದ ಮೇಲೆ, ಮತ್ತೆ ಪತ್ರ ಬರೆದರೆ ಯಾರೂ ನಂಬುವುದಿಲ್ಲವೆಂದು ಇಬ್ಬರೂ ಮನೆಮನೆಗೆ ಹೊರಟರು. ಅಕ್ಕ ಕರೆಗಂಟೆ ಒತ್ತುವುದು, ತಂಗಿ ವಿವರಿಸುವುದು. ಎಲ್ಲರೂ ಒಪ್ಪಿದರು, ನಿವೃತ್ತ ಅಂಚೆಯವರೊಬ್ಬರನ್ನು ಬಿಟ್ಟು. ಅವರು ಪತ್ರವನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ನಾಲ್ಕಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡಿದ್ದರು.

"ಬರೆದವರು ಯಾರಾದರೇನಮ್ಮ," ಎಂದರು, ಜೇಬಿನ ಮೇಲೆ ಕೈಯಿಟ್ಟು. "ಮೂವತ್ತೈದು ವರ್ಷ ಊರಿಗೆಲ್ಲ ಪತ್ರ ಹಂಚಿದೆ. ನನಗೆ ಅಂತ ಬಂದಿದ್ದು ಇದೊಂದೇ. ಇದನ್ನ ವಾಪಸ್ ಕೊಡಲ್ಲ."