ಎಸರಿನ ಜಿಗಿ

ಇಂಡಿ ಊರಿನ ನಮ್ಮ ಮನೆಯಲ್ಲಿ ಈಗ ಗೋಧಿ ಹಿಟ್ಟಿನ ಡಬ್ಬಿ ಇಲ್ಲ. ಉಂಡಾಗಲೆಲ್ಲ ಹೊಟ್ಟೆ ಉಬ್ಬಿ, ದಿನೇ ದಿನೇ ಸೊರಗುತ್ತಿದ್ದ ಮೊಮ್ಮಗಳನ್ನು ವಿಜಯಪುರಕ್ಕೆ ಕರೆದೊಯ್ದೆವು. ಗೋಧಿಯಲ್ಲಿರುವ ಗ್ಲುಟೆನ್ ಇವಳ ಕರುಳನ್ನು ಕೆಡಿಸುತ್ತಿದೆ, ಇನ್ನು ಜೀವನಪೂರ್ತಿ ಒಂದು ಚೂರೂ ಕೂಡದು ಎಂದರು ಡಾಕ್ಟರು. ಗ್ಲುಟೆನ್ ಎಂದರೇನು ಎಂದು ಕೇಳಿದೆ. ಚಪಾತಿ ಹಿಟ್ಟನ್ನು ಎಳೆದರೆ ಹರಿಯದೆ ಹಿಗ್ಗುತ್ತದಲ್ಲ, ಹಾಗೆ ಹಿಗ್ಗಿಸುವುದೇ ಅದು ಎಂದರು. ನಾವು ಅಡುಗೆಮನೆಯಲ್ಲಿ ಅದಕ್ಕೆ ಜಿಗಿ ಎನ್ನುತ್ತೇವೆ.

ಜೋಳದ ರೊಟ್ಟಿ ಉಣ್ಣುವವರಿಗೆ ಇದು ದೊಡ್ಡ ಕಷ್ಟವಲ್ಲ. ಊರಿನ ಗಿರಣಿಯಲ್ಲಿ ಗೋಧಿಯನ್ನೂ ಬೀಸುತ್ತಾರೆ. ಹಾಗಾಗಿ ಮನೆಯಲ್ಲೇ ಸಣ್ಣ ಗಿರಣಿ ಇಟ್ಟೆವು. ಮಳೆಗಾಲ ಮುಗಿಯುವಷ್ಟರಲ್ಲಿ ಮಗುವಿನ ಕೆನ್ನೆ ತುಂಬಿತು. ತೊಡಕಾದದ್ದು ಹುಟ್ಟುಹಬ್ಬ. ಹಿಂದಿನ ವರ್ಷ ತನ್ನ ಕೇಕನ್ನು ತಾನೇ ಕತ್ತರಿಸಿ, ಓಣಿಯ ಮಕ್ಕಳಿಗೆಲ್ಲ ಹಂಚಿ, ತಾನು ಬಾಳೆಹಣ್ಣು ತಿನ್ನುತ್ತ ಕೂತಿದ್ದಳು. ಈ ಸಲ ನೀನೂ ತಿನ್ನುವಂಥ ಕೇಕು ಮಾಡುತ್ತೇನೆ ಎಂದು ಮಾತು ಕೊಟ್ಟೆ.

ಮೊದಲೊಂದು ಮಾಡಿ ನೋಡಿದೆ. ಮೈದಾ ಬದಲು ಜೋಳದ ಹಿಟ್ಟು. ಬೆಲ್ಲ, ಮೊಸರು, ಸೋಡಾ ಕಲಸಿ, ಕುಕ್ಕರಿನಲ್ಲಿ ಉಸುಕು ಹಾಸಿ ಬೇಯಿಸಿದೆ. ಚಾಕು ತಾಗಿದ್ದೇ ತಡ, ಎಲ್ಲ ಪುಡಿಪುಡಿ. ಬಟ್ಟಲಿಗೆ ಹಾಕಿ ಕೊಟ್ಟೆ.

"ಆಯಿ, ಇದು ಕೊಯ್ಯೂ ಕೇಕ್ ಅಲ್ಲ, ಚಮಚಾದಲೆ ತಿನ್ನೂ ಕೇಕ್" ಎಂದಳು ಮೊಮ್ಮಗಳು. ನಕ್ಕಳು, ಆದರೆ ಕಣ್ಣು ಬಟ್ಟಲಿನ ಮೇಲೇ ಇತ್ತು.

ಬಾಜೂ ಮನೆಯಾಕೆ ಉಪಾಯ ಹೇಳಿದಳು. "ಜಿಗಿಗೆ ಒಂದ್ ಹಿಡಿ ಗೋಧಿ ಹಿಟ್ಟ ಹಾಕ್ರಿ ಅಕ್ಕಾರ. ಒಂದ್ ಹಿಡಿಗೆ ಏನಾಗತೈತ್ರಿ?"

ಜೋಳ ಹಳೆಯದಾಗಿ ರೊಟ್ಟಿ ಹರಿಯುವಾಗ ನಮ್ಮ ಕಡೆ ಹಲವರು ಮಾಡುವುದು ಅದನ್ನೇ. ಅಕ್ಕರೆಯಿಂದಲೇ ಹೇಳಿದ್ದಳು.

"ನೀ ಹಿಡಿ ಅಂತಿ. ಆಕಿಗೆ ಚಿಟಿಕಿನೂ ನಡಿಯೂದಿಲ್ಲ" ಎಂದೆ.

ಮರುದಿನ ಬೆಳಿಗ್ಗೆ ಎಂದಿನಂತೆ ರೊಟ್ಟಿಗೆ ಕೂತೆ. ಕುದಿಯುವ ನೀರನ್ನು, ಅಂದರೆ ಎಸರನ್ನು, ಹಿಟ್ಟಿನ ನಡುವೆ ಸುರಿದು ನಾದಿ ಬಡಿದೆ. ರೊಟ್ಟಿ ಅಗಲವಾಯಿತು, ಅಂಚು ಒಡೆಯಲಿಲ್ಲ. ಕೈ ಅಲ್ಲೇ ನಿಂತಿತು. ಜೋಳಕ್ಕೆ ಗೋಧಿಯ ಜಿಗಿ ಇಲ್ಲದಿರಬಹುದು, ಎಸರಿನ ಜಿಗಿ ಇದೆಯಲ್ಲ. ಇಷ್ಟು ವರ್ಷ ತಣ್ಣೀರಿನಲ್ಲಿ ಒಂದು ರೊಟ್ಟಿಯನ್ನೂ ಬಡಿಯದವಳು ಕೇಕೆಂದ ಕೂಡಲೇ ತಣ್ಣನೆಯ ಮೊಸರು ಸುರಿದಿದ್ದೆ.

ಹುಟ್ಟುಹಬ್ಬದ ದಿನ ಅರ್ಧ ಹಿಟ್ಟಿಗೆ ಎಸರು ಹೊಯ್ದು ತಿರುವಿ, ಆರಿದ ಮೇಲೆ ಉಳಿದ ಹಿಟ್ಟು, ನೆನೆಸಿದ ಅಗಸೆ ಬೀಜದ ಪುಡಿ, ಬೆಲ್ಲ, ಮೊಸರು, ಸೋಡಾ ಕೂಡಿಸಿದೆ. ಕೇಕು ಉಬ್ಬಿತು. ಇಳಿಸಿದ ಮೇಲೂ ಕುಸಿಯಲಿಲ್ಲ. ಓಣಿಯ ಮಕ್ಕಳೆಲ್ಲ ಸುತ್ತ ನಿಂತಿದ್ದರು. ಮೊಮ್ಮಗಳು ಹೆದರುತ್ತಲೇ ಚಾಕು ಇಳಿಸಿದಳು. ತುಂಡು ಇಡಿಯಾಗಿ ಎದ್ದು ಬಂತು. ಅದನ್ನು ಯಾರಿಗೂ ಕೊಡದೆ ನೇರ ತನ್ನ ಬಾಯಿಗೆ ಇಟ್ಟುಕೊಂಡಳು.

ಬಾಜೂ ಮನೆಯಾಕೆ ಒಂದು ಚೂರು ಮುರಿದು, ಬೆರಳಲ್ಲಿ ಒತ್ತಿ ನೋಡಿ ಕೇಳಿದಳು: "ಖರೇ ಹೇಳ್ರಿ ಅಕ್ಕಾರ, ಎಷ್ಟ್ ಗೋಧಿ ಹಾಕೀರಿ?"

ನಾನು ಬಾಯಿ ತೆರೆಯುವ ಮೊದಲೇ ಮೊಮ್ಮಗಳು ಹೇಳಿದಳು: "ಎಸರ ಹಾಕ್ಯಾಳ ನಮ್ಮ ಆಯಿ." ಹೇಳಿ, ಎರಡನೆಯ ತುಂಡಿಗೆ ಕೈ ಚಾಚಿದಳು.