ಬೆಂಡೆಕಾಯಿಗೆ ಕಟ್ಟಿದ ಕೆಂಪು ದಾರ

ಹೋದ ತಿಂಗಳು ಶಿಗ್ಗಾವಿಯಲ್ಲಿ ಹೆಂಡತಿಯ ಜೊತೆ ಒಂದು ಸಿನಿಮಾ ನೋಡಿದೆ. ಮಧ್ಯಾಹ್ನದ ಆಟ. ಔಷಧಿ ಕಂಪನಿಯ ನೌಕರನೊಬ್ಬ, ತನ್ನ ಕಂಪನಿ ಸಕ್ಕರೆ ಕಾಯಿಲೆಯ ಗುಳಿಗೆಯಲ್ಲಿ ಸುಣ್ಣದ ಪುಡಿ ಬೆರೆಸುತ್ತಿದೆ ಎಂದು ಊರಿಗೆಲ್ಲ ತಿಳಿಸುವ ಕತೆ. ಅರ್ಧ ಸಿನಿಮಾದ ತನಕ ಜನ ಅವನಿಗೆ ಶಿಳ್ಳೆ ಹೊಡೆದರು. ಆಮೇಲೆ ಕೋರ್ಟಿನಲ್ಲಿ ಕಂಪನಿಯ ವಕೀಲ ಎದ್ದು ನಿಂತು, ಈ ಮನುಷ್ಯ ಕೆಲಸಕ್ಕೆ ಸೇರುವಾಗ ಕೊಟ್ಟ ಡಿಗ್ರಿ ಸರ್ಟಿಫಿಕೇಟೇ ಸುಳ್ಳು ಎಂದು ಎತ್ತಿ ತೋರಿಸಿದ. ಅಲ್ಲಿಂದ ಮುಂದೆ ಸಿನಿಮಾ ಪೂರ್ತಿ ಆ ಸರ್ಟಿಫಿಕೇಟಿನ ಹಿಂದೆಯೇ ಓಡಿತು. ಅವನ ಹೆಂಡತಿ ಅತ್ತಳು, ಗೆಳೆಯರು ಮುಖ ತಿರುಗಿಸಿದರು, ಅವನು ರೈಲು ಹತ್ತಿ ಎಲ್ಲಿಗೋ ಹೋದ. ದೀಪ ಹತ್ತಿದವು.

ಗುಳಿಗೆ ಏನಾಯಿತು? ಅದನ್ನು ನುಂಗಿದವರು ಏನಾದರು? ಆ ಕಂಪನಿ ಮರುದಿನ ಬಾಗಿಲು ತೆರೆಯಿತೋ ಇಲ್ಲವೋ? ಒಂದು ಮಾತಿಲ್ಲ.

ಹಿಂದಿನ ಸಾಲಿನಲ್ಲಿ ಒಬ್ಬ ಎದ್ದು ಮೈಮುರಿಯುತ್ತ, "ಏ, ಇವನೂ ಕಳ್ಳನ ಬಿಡಲೇ" ಅಂದ. ನನಗೆ ತಡೆಯಲಾಗಲಿಲ್ಲ. ತಿರುಗಿ ಕೇಳಿದೆ: "ಅಂವ ಕಳ್ಳನ ಇರ್ಲಿ. ಗುಳಿಗಿ ಏನಾತು?"

"ಯಾವ ಗುಳಿಗಿ ಕಾಕಾ?"

"ಎರಡು ತಾಸು ಏನ್ ನೋಡಿದಿ ಹಂಗಾರ?"

ಹೆಂಡತಿ ನನ್ನ ಅಂಗಿ ಹಿಡಿದು ಎಳೆದಳು. "ಸಿನಿಮಾ ನೋಡಾಕ ಬಂದೀರೋ, ಜಗಳಾಡಾಕ ಬಂದೀರೋ? ನಡೀರಿ." ಗಾಡಿಯ ಮೇಲೆ ಕೂತಾಗ ಹಿಂದಿನಿಂದ ಮೆಲ್ಲಗೆ ಅಂದಳು: "ನಿಮ್ಮ ಸಿಟ್ಟು ಆ ಗುಳಿಗೀದಲ್ಲ. ನಿಮ್ಮ ಬೆಂಡೀಕಾಯಿದು."

ಅವಳು ಹೇಳಿದ್ದು ನಿಜ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಅದಕ್ಕೆ ನಾಚಿಕೆಪಟ್ಟಿಲ್ಲ. ಒಂದು ಬೀಜದ ಕಂಪನಿಯಲ್ಲಿ ಹದಿನಾಲ್ಕು ವರ್ಷ ಫೀಲ್ಡ್‌ಮನ್ ಆಗಿ ದುಡಿದೆ. ಡಿಗ್ರಿ ಓದಿ ಬಂದ ಹುಡುಗರು ಎಲೆಯ ಬಣ್ಣ ನೋಡಿ ಪುಸ್ತಕ ತೆರೆಯುತ್ತಿದ್ದರು; ನಾನು ಬದುವಿನ ಮೇಲೆ ನಿಂತೇ ಯಾವ ಸಾಲಿನಲ್ಲಿ ಬೇರೆ ಜಾತಿಯ ಗಿಡ ನುಸುಳಿದೆ ಎಂದು ಹೇಳುತ್ತಿದ್ದೆ. ಹಾನಗಲ್, ಸವಣೂರು, ಶಿಗ್ಗಾವಿ, ಹಿರೇಕೆರೂರು, ಈ ಕಡೆ ರಟ್ಟೀಹಳ್ಳಿಯ ತನಕ ಬೀಜಕ್ಕೆ ಬೆಂಡೆ ಹಾಕಿದ ಹೊಲಗಳೆಲ್ಲ ನನ್ನ ಕಣ್ಣಿನ ಕೆಳಗೆ ಇರುತ್ತಿದ್ದವು.

ಆ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಹೈಬ್ರಿಡ್ ಬೆಂಡೆ ಬೀಜ ತಾನಾಗಿ ಆಗುವುದಿಲ್ಲ, ಕೈಯಿಂದ ಮಾಡಬೇಕು. ತಾಯಿ ಗಿಡದ ಸಾಲು ಬೇರೆ, ತಂದೆ ಗಿಡದ ಸಾಲು ಬೇರೆ. ನಾಳೆ ಅರಳುವ ಮೊಗ್ಗನ್ನು ಹೆಣ್ಣುಮಕ್ಕಳು ಇವತ್ತು ಸಂಜೆಯೇ ಗುರುತಿಸಿ, ಉಗುರಿನಿಂದ ಸುತ್ತ ಸೀಳಿ, ಒಳಗಿನ ಗಂಡು ಭಾಗ ತೆಗೆದು, ಮೇಲೆ ಕಾಗದದ ಟೊಪ್ಪಿಗೆ ಹಾಕುತ್ತಾರೆ. ಮರುದಿನ ಬೆಳಿಗ್ಗೆ ತಂದೆ ಗಿಡದ ಹೂ ತಂದು ಮುಟ್ಟಿಸಿ, ತೊಟ್ಟಿಗೆ ಒಂದು ಕೆಂಪು ದಾರ ಕಟ್ಟುತ್ತಾರೆ. ಆ ಹೂ ಅರಳುವುದು ಒಂದೇ ದಿನ. ಹಿಂದಿನ ಸಂಜೆ ಮೊಗ್ಗು ಬಿಡಿಸದಿದ್ದರೆ ಗಿಡ ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟುತ್ತದೆ. ಅಂಥ ಕಾಯಿ ಬೀಜಕ್ಕೆ ಬೇಡ, ಕಿತ್ತು ಒಗೆಯಬೇಕು. ಸುಗ್ಗಿಯಲ್ಲಿ ದಾರ ಇದ್ದ ಕಾಯಿ ಮಾತ್ರ ಬಿಡಿಸುತ್ತಾರೆ. ಅಂದರೆ ಇಡೀ ಹೊಲದಲ್ಲಿ ಸಾಕ್ಷಿ ಅನ್ನುವುದು ಆ ದಾರ ಒಂದೇ.

ಹಿರೇಬೆಂಡಿಗೇರಿಯಲ್ಲಿ ನನ್ನ ಅಕ್ಕ ಇದ್ದಾಳೆ. ಅವಳ ಹೊಲದಲ್ಲೂ ಕಂಪನಿಗೆ ಬೀಜ ಬೆಳೆಯುವ ಒಂದು ಪ್ಲಾಟ್ ಕೊಡಿಸಿದ್ದೆ. ಒಂದು ವರ್ಷ ಹೂ ಸರಿಯಾಗಿ ತುಂಬಿ ನಿಂತ ವಾರದಲ್ಲೇ ಅವಳ ಅತ್ತೆ ತೀರಿಕೊಂಡರು. ನಮ್ಮಲ್ಲಿ ಮನೆಯಲ್ಲಿ ಸಾವಾದರೆ ಮೂರನೆಯ ದಿನ ಹಾಲುತುಪ್ಪ ಬಿಡುವ ತನಕ ಮನೆಯವರು ಹೊಲದ ಬೆಳೆ ಮುಟ್ಟುವುದಿಲ್ಲ. ಓಣಿಯ ಹೆಣ್ಣುಮಕ್ಕಳೂ ಆ ಮನೆಯ ಹೊಲಕ್ಕೆ ಇಳಿಯುವುದಿಲ್ಲ. ಮೂರು ದಿನದ ಹೂ ತಾವೇ ಕಾಯಿ ಕಟ್ಟಿಕೊಂಡವು.

ನಾಲ್ಕನೆಯ ದಿನ ಕಿತ್ತು ಒಗೆಯಬೇಕಿತ್ತು. ವಾರ ಕಳೆದು ನಾನು ಹೋದಾಗ ಬೆರಳುದ್ದದ ಕಾಯಿಗಳಿಗೆ ದಾರ ಇತ್ತು. ಹೂವಿದ್ದಾಗ ಕಟ್ಟಿದ ದಾರ ಬಿಸಿಲಿಗೆ ಬಿಳಚಿ, ತೊಟ್ಟು ದಪ್ಪ ಆದಂತೆ ಬಿಗಿಯಾಗಿ ಕೂತಿರುತ್ತದೆ. ಇವು ಸಡಿಲವಾಗಿ ಜೋತು ಬಿದ್ದಿದ್ದವು, ಬಣ್ಣ ಅಂಗಡಿಯಿಂದ ಈಗ ತಂದ ಹಾಗೆ. ಅಕ್ಕ ದೂರದಲ್ಲಿ ಬಗ್ಗಿ ಕೆಲಸ ಮಾಡುತ್ತಿದ್ದಳು, ತಲೆ ಎತ್ತಲಿಲ್ಲ. ನಾನೂ ಕೂಗಲಿಲ್ಲ. ರಿಜಿಸ್ಟರ್ ತೆಗೆದು 'ಪ್ಲಾಟ್ ಚೊಕ್ಕ ಇದೆ' ಎಂದು ಬರೆದು ಸಹಿ ಮಾಡಿ ಬಂದೆ.

ನನ್ನ ಗುಟ್ಟು ಇಷ್ಟೇ. ಸಣ್ಣದು ಎಂದು ಹೇಳುವುದಿಲ್ಲ. ಆ ಬೀಜ ಯಾರೋ ಒಬ್ಬರ ಹೊಲಕ್ಕೆ ಹೋಗುತ್ತದೆ ಎಂದು ನನಗೆ ಗೊತ್ತಿತ್ತು.

ಕೆಲವು ತಿಂಗಳು ಕಳೆದ ಮೇಲೆ ಕಂಪನಿಯ ಮ್ಯಾನೇಜರ್ ಕರೆದ. ನನಗಿಂತ ಹತ್ತು ವರ್ಷ ಚಿಕ್ಕವನು, ನಗುಮುಖದವನು. ಬೀಜವನ್ನು ಬಿತ್ತಿ ಪರೀಕ್ಷೆ ಮಾಡಿದ ವರದಿ ಅವನ ಟೇಬಲ್ ಮೇಲಿತ್ತು. "ಇದು ನಿಮ್ಮ ಅಕ್ಕಾರ ಪ್ಲಾಟ್ ಅಲ್ಲೇನಪಾ? ಹತ್ತಕ್ಕ ಎರಡು ಬರೇ ತಾಯಿ ಗಿಡಾನ ಬಂದಾವ" ಅಂದ. "ಇರ್ಲಿ ಬಿಡು. ದೊಡ್ಡ ಲಾಟಿನ್ಯಾಗ ಮಿಕ್ಸ್ ಮಾಡಿದ್ರ ಯಾವ ದೇವರಿಗೂ ತಿಳ್ಯಂಗಿಲ್ಲ." ವರದಿ ಮಡಚಿ ಟೇಬಲ್ಲಿನ ಡ್ರಾದಲ್ಲಿ ಇಟ್ಟ. ನಾನು ಅದನ್ನು ದೊಡ್ಡ ಮನಸ್ಸು ಎಂದುಕೊಂಡೆ. ಮೂರ್ಖ ನಾನು. ತಪ್ಪು ಕಂಡವನು ಅದನ್ನು ತಿದ್ದದೆ ಜೋಪಾನ ಮಾಡಿ ಇಡುತ್ತಾನೆಂದರೆ ಅದು ಕ್ಷಮೆ ಅಲ್ಲ, ಮೂಗುದಾಣ.

ಮೂರು ವರ್ಷ ಕಳೆಯಿತು. ಮುಂಗಾರಿಗೆ ಇನ್ನು ಹದಿನೈದು ದಿನ ಇದ್ದಾಗ, ಹಿರೇಕೆರೂರು ರಸ್ತೆಯ ಗೋದಾಮಿಗೆ ದಾರ ಮತ್ತು ಕಾಗದದ ಟೊಪ್ಪಿಗೆ ತರಲು ಹೋಗಿದ್ದೆ. ಒಳಗೆ ಏಳೆಂಟು ಹೆಣ್ಣುಮಕ್ಕಳು ಬ್ಲೇಡು ಹಿಡಿದು ಬೆಂಡೆ ಬೀಜದ ಪಾಕೀಟು ಕತ್ತರಿಸುತ್ತಿದ್ದರು. ಅಂಗಡಿಗಳಿಂದ ವಾಪಸು ಬಂದ, ಅವಧಿ ಮುಗಿದ ಪಾಕೀಟುಗಳು. ಬೀಜಕ್ಕೆ ಗುಲಾಬಿ ಬಣ್ಣದ ಔಷಧಿ ಪುಡಿ ಹೊಸದಾಗಿ ಹಚ್ಚಿ, ಹೊಸ ತಾರೀಖಿನ ಪಾಕೀಟಿಗೆ ತುಂಬುತ್ತಿದ್ದರು. ಎಲ್ಲರ ಕೈಯೂ ಮೊಣಕೈ ತನಕ ಗುಲಾಬಿ. ಒಬ್ಬಾಕೆ ನನ್ನ ನೋಡಿ ನಕ್ಕಳು: "ಏನಣ್ಣಾ, ನಮ್ಮ ಮೆಹಂದಿ ಚಂದ ಐತೇನು?"

ನಗು ಬರಲಿಲ್ಲ. ಹೊಸ ಪಾಕೀಟು ನಾಲ್ಕು ತೆಗೆದುಕೊಂಡು ಬಂದು, ಒದ್ದೆ ಗೋಣಿತಟ್ಟಿನಲ್ಲಿ ಬೀಜ ಸಾಲಾಗಿ ಇಟ್ಟು ಸುತ್ತಿಟ್ಟೆ. ಆರನೆಯ ದಿನ ಬಿಚ್ಚಿದರೆ ಹತ್ತಕ್ಕೆ ಮೂರೂ ಮೊಳೆತಿರಲಿಲ್ಲ. ಉಳಿದವು ಹಿಚುಕಿದರೆ ಹಿಟ್ಟು.

ಮ್ಯಾನೇಜರ್ ಹತ್ತಿರ ಹೋದೆ. "ಇವು ಹುಟ್ಟಂಗಿಲ್ರಿ. ಒಂದು ಮಳಿಗೆ ಬಿತ್ತಿ ಹದಾ ಕಳಕೊಂಡ್ರ ಆ ಮನಷಾ ಮತ್ತ ಯಾವಾಗ ಬಿತ್ಬೇಕು?"

"ಮಳಿ ಕಡಿಮಿ ಆತು ಅಂತಾರ. ಪ್ರತಿ ವರ್ಷ ಏನಂತಾರೋ ಅದನ್ನ ಅಂತಾರ" ಅಂದ. ನಾನು ಏಳುವಾಗ ಡ್ರಾ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿ, "ಅಕ್ಕಾರು ಆರಾಮ ಅದಾರಲ್ಲ?" ಎಂದು ಕೇಳಿದ.

ಆ ಒಂದು ಪ್ರಶ್ನೆಗೆ ನನ್ನ ಮೈಯೆಲ್ಲ ಉರಿಯಿತು. ನನ್ನನ್ನೇ ಹೆದರಿಸಿದ್ದರೆ ಹೆದರುತ್ತಿದ್ದೆನೋ ಏನೋ. ಹೊಲದಲ್ಲಿ ಸೊಂಟ ಬಗ್ಗಿಸಿ ಅವರ ಕಂಪನಿ ಕಟ್ಟಿದ ಹೆಂಗಸಿನ ಹೆಸರನ್ನು ಬಾಯಲ್ಲಿ ಇಟ್ಟುಕೊಂಡು ನಗುತ್ತಾನೆ. ಮರುದಿನವೇ ಪಾಕೀಟು, ಗೋಣಿತಟ್ಟು ಎರಡನ್ನೂ ತೆಗೆದುಕೊಂಡು, ಬೀಜದ ದೂರು ಕೇಳುವ ಅಧಿಕಾರಿಯ ಹತ್ತಿರ ಹೋಗಿ ಅರ್ಜಿ ಕೊಟ್ಟೆ. ನನ್ನ ಕೈಬರಹದ್ದೇ. ಕಾಗುಣಿತ ತಪ್ಪಿದ್ದರೂ ವಿಷಯ ತಪ್ಪಿರಲಿಲ್ಲ.

ನಾಲ್ಕು ದಿನಕ್ಕೆ ವಿಚಾರಣೆಗೆ ಕರೆದರು. ಮ್ಯಾನೇಜರ್ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಗೋದಾಮಿನ ಮಾತೇ ಎತ್ತಲಿಲ್ಲ. ಆ ಹಳೆಯ ವರದಿ ತೆಗೆದು ಅಧಿಕಾರಿಯ ಮುಂದೆ ಇಟ್ಟ. ಪಕ್ಕದಲ್ಲಿ ನನ್ನ ಸಹಿ ಇದ್ದ ರಿಜಿಸ್ಟರ್. "ಇವರು ತಮ್ಮ ಅಕ್ಕಾರ ಸಂಬಂಧ ಸುಳ್ಳು ಬರದವರು ಸರ್. ನಾವು ದಯಾ ಮಾಡಿ ಇಟಗೊಂಡಿದ್ವಿ. ಇಂಥವರ ಮಾತು ನಂಬಿ ನೀವು ಗೋದಾಮು ಮುಚ್ಚಸ್ತೀರಿ?"

ಅಧಿಕಾರಿ ನನ್ನ ಕಡೆ ನೋಡಿದರು. ಇಲ್ಲ ಎನ್ನಬಹುದಿತ್ತು. ಮಳೆಗೆ ಪರಾಗ ತೊಳೆದು ಹೋಗಿತ್ತು ಎಂದು ಹೇಳಿದ್ದರೆ ಯಾರಿಗೂ ಪರೀಕ್ಷೆ ಮಾಡಲು ಆಗುತ್ತಿರಲಿಲ್ಲ. ನಾನು ಹೇಳಿದೆ: "ಹೌದ್ರಿ. ದಾರ ಆಮ್ಯಾಲೆ ಕಟ್ಟಿದ್ದು. ನಾ ನೋಡಿ ಸುಮ್ಮನಾದೆ. ಅದನ್ನ ಮೊದಲ ಬರಕೋರಿ. ಆಮ್ಯಾಲೆ ಇವ್ರು ಏನ್ ಮಾಡಾಕತ್ತಾರ ಅದನ್ನೂ ಬರಕೋರಿ. ನಾ ಕೆಟ್ಟಾಂವ ಅಂದ್ರ ಸತ್ತ ಬೀಜ ಹುಟ್ತಾವೇನ್ರಿ?"

ಅಧಿಕಾರಿ ಪೆನ್ನು ಕೆಳಗಿಟ್ಟರು. ಸ್ಯಾಂಪಲ್ ಪರೀಕ್ಷೆಗೆ ಕಳಿಸುತ್ತೇವೆ, ವರದಿ ಬರಲು ಎರಡು ವಾರ ಬೇಕು, ಅಲ್ಲಿಯ ತನಕ ಮಾರಾಟ ನಿಲ್ಲಿಸಲು ಇದಕ್ಕಿಂತ ಗಟ್ಟಿ ಆಧಾರ ಬೇಕು ಎಂದರು. ಎರಡು ವಾರ! ಹಾನಗಲ್ಲಿನ ಅಂಗಡಿಗಳಿಗೆ ಆಗಲೇ ಪೆಟ್ಟಿಗೆ ಇಳಿದಿದ್ದವು. ಆಕಾಶ ಕಪ್ಪಾಗಿತ್ತು. ಮೋಡಕ್ಕೆ ವರದಿ ಕಾಯುವ ರೂಢಿ ಇಲ್ಲ. ಹೊರಗೆ ಮೆಟ್ಟಿಲ ಮೇಲೆ ಮ್ಯಾನೇಜರ್ ನನ್ನ ಹೆಗಲು ತಟ್ಟಿ ಹೋದ. ಅದಕ್ಕಿಂತ ಹೊಡೆದಿದ್ದರೆ ಚೆನ್ನಾಗಿತ್ತು.

ಸಂಜೆಯ ಒಳಗೆ ಸುದ್ದಿ ಹಬ್ಬಿತು. ಹದಿನಾಲ್ಕು ವರ್ಷ ನನ್ನ ಕೈಯ ಚಹಾ ಕುಡಿದ ರೈತರು, "ಅಂವಂದೂ ಏನೋ ಐತಂತ" ಎಂದು ಮಾತಾಡಿಕೊಂಡರು. ಪಾಕೀಟಿನ ವಿಷಯ ಒಬ್ಬರೂ ಕೇಳಲಿಲ್ಲ. ಅದೇ ಜನ ನಾಳೆ ಅದೇ ಪಾಕೀಟು ಕೊಳ್ಳುವವರು! ಯಾರಿಗೆ ಬೈಯಲಿ?

ಹಿರೇಬೆಂಡಿಗೇರಿಗೆ ಹೋದೆ. ಅಕ್ಕ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಿನ್ನ ಹೆಸರು ಕಾಗದಕ್ಕೆ ಹೋಯಿತು ಎಂದೆ. ನಿನ್ನನ್ನು ಇಷ್ಟು ವರ್ಷ ಕಾಪಾಡಿದೆ, ಇನ್ನು ಆಗಲಿಲ್ಲ ಎಂದೂ ಅಂದೆ. ಅವಳು ಮೊರ ಕೆಳಗೆ ಇಟ್ಟಳು.

"ಕಾಪಾಡಿದ್ಯಾ? ನೀನು? ನನ್ನನ್ನ?"

"ರಿಜಿಸ್ಟರ್‌ನ್ಯಾಗ ದಾರದ ಮಾತು ಬರೀಲಿಲ್ಲಲ್ಲಬೇ..."

"ಬಾಯಿ ಬಿಟ್ಟು ಒಂದು ಮಾತು ಕೇಳಿದ್ಯಾ? ಬದುವಿನ ಮ್ಯಾಲೆ ನಿಂತಿ, ಬರದಿ, ಗಾಡಿ ಹತ್ತಿದಿ. ದೊಡ್ಡ ಸಾಹೇಬ! ಮೂರು ದಿನದ ಕಾಯಿ ಕಿತ್ತು ಒಗಿಯಾಕ ಜೀವ ಬರಲಿಲ್ಲ, ದಾರ ಕಟ್ಟಿದೆ. ಆಮ್ಯಾಲೆ ನಿದ್ದಿ ಬರಲಿಲ್ಲ. ಅವನ್ನಷ್ಟ ಬ್ಯಾರೆ ಬಿಡಿಸಿ, ಬ್ಯಾರೆ ಚೀಲಕ್ಕ ತುಂಬಿ, ತೂಕದ ದಿನ ನಿಮ್ಮ ಮ್ಯಾನೇಜರ್ಗ ನಾನ ಹೇಳೇನಿ, ಇದು ಸಾವಿನ ಮೂರು ದಿನದ್ದು, ಇದನ್ನ ಕೂಡಸಬ್ಯಾಡ್ರಿ ಅಂತ."



"ಅಂವ ಏನಂದ?"

"ಆತಬೇ ಅಂದ. ಚೀಟಿಯೊಳಗ ಬ್ಯಾರೆ ಅಂತ ಬರದ. ನಮ್ಮ ಕಣ್ಣೆದುರನ ಎರಡೂ ಚೀಲ ಒಂದ ರಾಶಿಗೆ ಸುರುವಿದ. ಯಾಕ್ರಿ ಅಂದ್ರ, ನಿಮ್ಮ ತಮ್ಮಗ ಹೇಳಬ್ಯಾಡ್ರಿ, ಅಂವನ ಕೆಲಸ ಹೋಗ್ತೈತಿ ಅಂದ."

ಆ ಗಳಿಗೆಯಲ್ಲಿ ನನ್ನ ಅಭಿಮಾನ ಎಲ್ಲಿಗೆ ಬಂತು ಎಂದು ಬರೆಯಲು ಕಷ್ಟ. ನನ್ನ ಹೆಸರು ತೋರಿಸಿ ಅವಳ ಬಾಯಿ ಮುಚ್ಚಿಸಿದ್ದ, ಅವಳ ಹೆಸರು ತೋರಿಸಿ ನನ್ನ ಬಾಯಿ. ಅಕ್ಕ ತಮ್ಮ ಒಂದೇ ಬಾವಿಯ ನೀರು ಕುಡಿದು ಬೆಳೆದವರು, ಮೂರು ವರ್ಷ ಒಬ್ಬರಿಗೊಬ್ಬರು ಈ ಮಾತು ಆಡಲಿಲ್ಲ. ನಾನು ಕೇಳಿದ್ದರೆ ಅವತ್ತೇ ಮುಗಿಯುತ್ತಿತ್ತು. ಕೇಳುವುದು ನನಗೆ ಸಣ್ಣತನ ಅನ್ನಿಸಿತ್ತು.

ಮರುದಿನ ಬೆಳಿಗ್ಗೆ ಕಚೇರಿ ಬಾಗಿಲು ತೆಗೆಯುವ ಮೊದಲೇ ಅಕ್ಕ ಮೆಟ್ಟಿಲ ಮೇಲೆ ಕೂತಿದ್ದಳು. ನನ್ನ ಗಾಡಿಯ ಮೇಲೆ ಬರಲಿಲ್ಲ, ಬಸ್ಸಿನಲ್ಲಿ ಬಂದಿದ್ದಳು. ಅಧಿಕಾರಿ "ಕುಂದರ್ರಿ" ಎಂದರೂ ಕೂರಲಿಲ್ಲ. ಸೆರಗಿನ ಗಂಟು ಬಿಚ್ಚಿ ತೂಕದ ಚೀಟಿ ಟೇಬಲ್ ಮೇಲೆ ಇಟ್ಟಳು. ಎರಡು ಚೀಲ, ಒಂದರ ಮುಂದೆ 'ಬೇರೆ' ಎಂದು ಮ್ಯಾನೇಜರನ ಕೈಬರಹ. ಲಾಟ್ ನಂಬರು, ಅಂದರೆ ರಾಶಿಯ ನಂಬರು, ಮಾತ್ರ ಎರಡಕ್ಕೂ ಒಂದೇ.

"ದಾರ ಕಟ್ಟಿದಾಕಿ ನಾನು. ಅಂವಂದಲ್ಲ ಕೈ. ಬರಕೋರಿ" ಅಂದಳು. "ನಾ ಹೇಳಿದ ಮ್ಯಾಲೂ ಸುರುವಿದಾಂವ ಅಂವ. ಅದನ್ನೂ ಬರಕೋರಿ. ಈಗ ನೀವು ನನಗೊಂದು ಹೇಳ್ರಿ. ನಾವು ಮೂರು ಮಂದಿ ಕಳ್ಳರ ಕತಿ ಮುಗೀತು. ಆ ಪಾಕೀಟು ಇವತ್ತ ಅಂಗಡ್ಯಾಗ ಮಾರಾಕತ್ತಾರೋ ಇಲ್ಲೋ?"

ಅಧಿಕಾರಿ ಚೀಟಿಯನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದರು. ತಿಳಿದೂ ಬೆರೆಸುವ ರೂಢಿ ಕಂಪನಿಗೆ ಮೊದಲಿಂದಲೂ ಇದೆ ಎನ್ನಲು ಅವರಿಗೆ ಬೇಕಾದ ಕಾಗದ ಅದೇ ಆಗಿತ್ತು. ಮಧ್ಯಾಹ್ನಕ್ಕೆ ಮಾರಾಟ ನಿಲ್ಲಿಸುವ ಆದೇಶಕ್ಕೆ ಸಹಿ ಬಿತ್ತು. ಗೋದಾಮಿಗೆ ಬೀಗ ಹಾಕಲು ಜನ ಹೋದರು. ಅಕ್ಕನಿಗೆ ಇನ್ನು ಯಾವ ಕಂಪನಿಯೂ ಪ್ಲಾಟ್ ಕೊಡುವುದಿಲ್ಲ, ನನಗೆ ಕೆಲಸ ಕೊಡುವುದಿಲ್ಲ ಎಂದು ಇಬ್ಬರಿಗೂ ಆಗಲೇ ಗೊತ್ತಿತ್ತು. ಹಾಗೆಯೇ ಆಯಿತು.

ಹೊರಗೆ ಬಂದಾಗ ಹನಿ ಶುರುವಾಗಿತ್ತು. ಊರಿಗೆ ಬಿಟ್ಟು ಬರುತ್ತೇನೆ, ಹತ್ತು ಎಂದೆ. ಅಕ್ಕ ಸೆರಗು ತಲೆಯ ಮೇಲೆ ಎಳೆದುಕೊಂಡಳು.

"ನಾ ಬಸ್ಸಿಗೆ ಹೋಗ್ತೇನಿ. ನಿನ್ನ ಮ್ಯಾಲಿನ ಸಿಟ್ಟು ಇನ್ನಾ ಇಳದಿಲ್ಲ. ಆಡೂರ ಕಡೆ ರೈತರು ನಿನ್ನಿ ದಿನಾನ ಪಾಕೀಟು ಒಯ್ದಾರಂತ, ಈ ಮಳಿಗೆ ಬಿತ್ತಾಕ ನಿಂತಿರ್ತಾರ. ನನ್ನ ಮುಂದ ಏನ್ ನಿಂತಿ? ಹೋಗಿ ಅವರಿಗೆ ಹೇಳು."

ಗಾಡಿ ತಿರುಗಿಸಿದೆ. ಆಡೂರು ಮುಟ್ಟುವ ಹೊತ್ತಿಗೆ ಮೊದಲ ಎರಡು ಹೊಲಗಳಲ್ಲಿ ಬಿತ್ತಿ ಮುಗಿದಿತ್ತು. ಮೂರನೆಯದರಲ್ಲಿ ಒಬ್ಬ ಪಾಕೀಟಿನ ಬಾಯಿ ಹಲ್ಲಿನಿಂದ ಹರಿಯುತ್ತಿದ್ದ. ನಾನು ಗಾಡಿ ನಿಲ್ಲಿಸದೆಯೇ ಕೂಗಿದೆ.