ನಟ್ಟು ಬಿಚ್ಚದ ಪಾನಾ

ಅಳತೆ ಸರಿಪಡಿಸಿದ ಪಾನಾವೊಂದರ ಸೀಲು ಹಾಕಿದ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬಳ್ಳಾರಿಯಿಂದ ಆಟೋದಲ್ಲಿ ಹೊರಟಿದ್ದೆ. ನಟ್ಟಿನ ಮೇಲೆ ಬೇಕಾದಷ್ಟೇ ಬಲ ಬಿದ್ದೊಡನೆ 'ಟಕ್' ಎನ್ನುವ ಪಾನಾ ಅದು. ಅದು ತಲುಪದೆ ನಮ್ಮ ಹ್ಯಾಂಗರಿನಲ್ಲಿದ್ದ ತರಬೇತಿ ವಿಮಾನದ ಗಾಲಿ ಬಿಗಿಯುವಂತಿರಲಿಲ್ಲ. ಕುರುಗೋಡು ರಸ್ತೆಯಲ್ಲಿ ಆಟೋದ ಗಾಲಿಯೇ ಪಂಕ್ಚರ್ ಆಯಿತು.

ಚಾಲಕನ ಬಳಿ ಸ್ಟೆಪ್ನಿ ಇತ್ತು, ಪಾನಾ ಇರಲಿಲ್ಲ. "ನಮ್ಮ ಮಾವ ಒಯ್ದಾನ್ರಿ" ಎಂದವನು ನನ್ನ ಪೆಟ್ಟಿಗೆ ನೋಡಿದ. "ಅದರಾಗ ಏನೈತ್ರಿ ಸಾರ್?"

"ಪಾನಾ" ಎಂದು ನಿಜ ಹೇಳಿಬಿಟ್ಟೆ.

"ಮತ್ತ ಕೊಡ್ರಿ!"

"ಇದ್ರಾಗ ನಟ್ಟು ಬಿಚ್ಚಬಾರ್ದಣ್ಣಾ, ಅಳತಿ ಕೆಡತೈತಿ. ಅಳತಿ ಕೆಟ್ರ ವಿಮಾನದ ಗಾಲಿ ಸರಿಯಾಗಿ ಬಿಗೀತೋ ಇಲ್ಲೋ ಗೊತ್ತಾಗಂಗಿಲ್ಲ."

"ನಟ್ಟು ಬಿಚ್ಚದ ಪಾನಾ! ಪೂಜಾ ಮಾಡಾಕ ಒಯ್ಯಾಕತ್ತೀರೇನ್ರಿ?"

ಕೊನೆಗೆ ಟ್ರ್ಯಾಕ್ಟರಿನವರೊಬ್ಬರು ತುಕ್ಕು ಹಿಡಿದ ಪಾನಾ ಕೊಟ್ಟರು. ಆದರೂ ನಟ್ಟು ಜಗ್ಗಲಿಲ್ಲ. "ನೀವೂ ಒಂದು ಕಾಲು ಹಾಕ್ರಿ, ಇಂಜಿನಿಯರ್ ಸಾಹೇಬ್ರ" ಎಂದ ಚಾಲಕ. ನಾನು ಓದಿದ್ದು ಬರೀ ಬಿಎಸ್ಸಿ ಎಂದು ತಿದ್ದುವ ಹೊತ್ತು ಅದಲ್ಲ. ಪಾನಾದ ಹಿಡಿಕೆಯ ಮೇಲೆ ಹತ್ತಿ ನಿಂತೆ. ಎಷ್ಟು ಬಲ ಬೀಳುತ್ತಿದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುವಷ್ಟರಲ್ಲಿ ನಟ್ಟು ತಿರುಗಿತು, ನಾನು ಮಂಡಿಯೂರಿ ರಸ್ತೆಗೆ ಬಿದ್ದೆ.

ಹ್ಯಾಂಗರಿನಲ್ಲಿ ನಮ್ಮ ಹಿರಿಯ ತಂತ್ರಜ್ಞರು ಪೆಟ್ಟಿಗೆಯ ಸೀಲು ಒಡೆದು, ಪಾನಾವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಎಲ್ಲೂ ಪೆಟ್ಟಾಗಿಲ್ಲ, ಭೇಷ್" ಎಂದರು. ಕುಂಟುತ್ತ ಹೊರಗೆ ಬಂದೆ. ಹೆಜ್ಜೆಗೊಮ್ಮೆ ನನ್ನ ಮಂಡಿ 'ಟಕ್' ಎನ್ನುತ್ತಿತ್ತು. ಅದರ ಅಳತೆಯನ್ನು ಮಾತ್ರ ಯಾರೂ ವಿಚಾರಿಸಲಿಲ್ಲ.